ಕಟ್ಟಿಸಿದವರು ಗೊತ್ತು, ಕಾವಲು ನಿಂತವರು ಯಾರು?

ಶ್ರವಣಬೆಳಗೊಳದ ದೊಡ್ಡಬೆಟ್ಟ ಹತ್ತಿ ಗೊಮ್ಮಟನ ಮುಂದೆ ನಿಂತವರೆಲ್ಲ ಮೇಲಕ್ಕೆ ನೋಡುತ್ತಾರೆ. 58 ಅಡಿಯ ಮೂರ್ತಿಯನ್ನು ಕತ್ತು ನೋಯುವವರೆಗೆ ನೋಡದೆ ಬರುವುದು ಹೇಗೆ? ನಾವೂ ಮೊದಲ ಸಲ ಹಾಗೇ ನೋಡಿ ಬಂದವರು. ಪಾದದ ಬಳಿಯ ಕಲ್ಲಿನಲ್ಲಿರುವ ಸಣ್ಣ ಬರಹದ ಕಡೆ ಕಣ್ಣು ಹೋದದ್ದು ಎರಡನೆಯ ಸಲ ಹೋದಾಗ. ಇದನ್ನು ಚಾವುಂಡರಾಯ ಮಾಡಿಸಿದ ಎಂದು ಅಲ್ಲಿ ಕನ್ನಡದಲ್ಲೂ ತಮಿಳಿನಲ್ಲೂ ಮರಾಠಿಯಲ್ಲೂ ಬರೆದಿದೆ. ಮೂರು ಭಾಷೆಯಲ್ಲೂ ಕ್ರಿಯಾಪದ ಒಂದೇ ಬಗೆಯದು: 'ಮಾಡಿದ' ಅಲ್ಲ, 'ಮಾಡಿಸಿದ'. ನಮ್ಮ ಮನೆಮಾತು ಉರ್ದುವಿನಲ್ಲೂ ಈ ವ್ಯತ್ಯಾಸ ಇದೆ. 'ಬನಾಯಾ' ಎಂದರೆ ಕಟ್ಟಿದ, 'ಬನ್‌ವಾಯಾ' ಎಂದರೆ ಕಟ್ಟಿಸಿದ.

ವ್ಯಾಕರಣ ಇಲ್ಲಿ ಬಹಳ ಪ್ರಾಮಾಣಿಕವಾಗಿದೆ. ಮಾಡಿಸಿದ ಎನ್ನುವಾಗಲೇ ಮಾಡಿದವರು ಬೇರೆ ಯಾರೋ ಇದ್ದರು ಎಂದು ಒಪ್ಪಿಕೊಂಡಂತಾಯಿತು. ಚರಿತ್ರೆ ಬರೆಯುವ ನಾವು ಮಾತ್ರ ಆ ಒಂದು 'ಇಸು' ಪ್ರತ್ಯಯವನ್ನು ನುಂಗಿಬಿಡುತ್ತೇವೆ. ಹಾಸನ ಸೀಮೆಯ ಸಣ್ಣ ಗಡಿಕೋಟೆಗಳನ್ನು ನಾವು ಓದುತ್ತಿರುವ ರೀತಿಯಲ್ಲಿ ಇರುವ ದೋಷವೂ ಇದೇ ಎಂಬುದು ಈ ಲೇಖನದ ತಕರಾರು.

ಮೊದಲು ಬೆಳಗೊಳದ ಮಾತನ್ನೇ ಮುಗಿಸೋಣ. ಇಲ್ಲಿನ ಬಂಡೆಗಳ ಮೇಲಿನ ಶಾಸನಗಳನ್ನು ಬಿ. ಎಲ್. ರೈಸ್ 1889ರಲ್ಲಿ ಪ್ರಕಟಿಸಿದಾಗ ಅವು 144 ಇದ್ದವು. 1923ರಲ್ಲಿ ಆರ್. ನರಸಿಂಹಾಚಾರ್ಯರ ಪರಿಷ್ಕೃತ ಸಂಪುಟ ಬಂದಾಗ 500 ಆದವು. 1973ರ ಆವೃತ್ತಿಯಲ್ಲಿ 573. ಬಂಡೆ ಅದೇ, ಬೆಟ್ಟ ಅದೇ. ಹೆಚ್ಚಾದದ್ದು ನೋಡುವವರ ತಾಳ್ಮೆ. ಮೊದಲು ರಾಜರು, ದಂಡನಾಯಕರು ಕಂಡರು. ಆಮೇಲೆ ಸಲ್ಲೇಖನ ವ್ರತದಲ್ಲಿ ದೇಹ ಬಿಟ್ಟ ಸಾಧುಸಾಧ್ವಿಯರು, ಬಂದು ಹೋದ ಗುರುತಿಗೆ ಹೆಸರು ಗೀಚಿದ ಯಾತ್ರಿಕರು, ಉತ್ತರ ದೇಶದಿಂದ ಬಂದು ತಮ್ಮ ಮಹಾಜನಿ ಲಿಪಿಯಲ್ಲಿ ಬರೆದ ವ್ಯಾಪಾರಿಗಳು ಒಬ್ಬೊಬ್ಬರಾಗಿ ಕಾಣತೊಡಗಿದರು. ಚಿಕ್ಕಬೆಟ್ಟದ ಚಂದ್ರಗುಪ್ತ ಬಸದಿಯ ಕಲ್ಲಿನ ಜಾಲಂಧ್ರ ಕೊರೆದ ದಾಸೋಜನ ಹೆಸರೂ ಹೀಗೆ ನಮಗೆ ದಕ್ಕಿತು. ಮಾಡಿಸಿದವರ ನಡುವೆ ಸಿಕ್ಕಿದ ಒಬ್ಬ ಮಾಡಿದವನು!

ಅಲ್ಲಿಂದ ಸುಮಾರು 12 ಕಿಲೋಮೀಟರು ಬಂದರೆ ಚನ್ನರಾಯಪಟ್ಟಣ. ಊರಿನ ಹೆಸರು ಗೊತ್ತಿದ್ದವರಿಗೂ ಅಲ್ಲೊಂದು ಕೋಟೆ ಇತ್ತೆಂಬುದು ಥಟ್ಟನೆ ನೆನಪಾಗುವುದಿಲ್ಲ. ರೈಸ್ ಅವರ ಮೈಸೂರು ಗೆಜೆಟಿಯರಿನಲ್ಲಿ ಅದಕ್ಕೆ ದೊರೆತಿರುವುದು ಕೆಲವೇ ವಾಕ್ಯ. ಊರಿನ ಮೊದಲ ಹೆಸರು ಕೊಳತೂರು. 1600ರ ಸುಮಾರಿಗೆ ಹೊಳೆನರಸೀಪುರದ ಪಾಳೆಯಗಾರ ಲಕ್ಷ್ಮಪ್ಪ ನಾಯಕ ಇದನ್ನು ಗೆದ್ದು ಮಗ ಚನ್ನರಾಯನಿಗೆ ಜಹಗೀರಿಯಾಗಿ ಕೊಟ್ಟ. ಹಳೆಪೈಕ ನಾಯಕ ದೊಡ್ಡಬಸವಯ್ಯ ಕೋಟೆ ಕಟ್ಟಿಸಿದ. ಹದಿನೇಳನೆಯ ಶತಮಾನದಲ್ಲಿ ಮೈಸೂರಿನ ಒಡೆಯರು ಗೆದ್ದರು. ಮರಾಠರ ದಾಳಿ ಹೆಚ್ಚಾದ ಕಾಲಕ್ಕೆ ಹೈದರಾಲಿ ನೀರಿನ ಕಂದಕವನ್ನೂ ಅಡ್ಡತಿರುವಿನ ಬಾಗಿಲುಗಳನ್ನೂ ಸೇರಿಸಿದ.

ಇಷ್ಟನ್ನು ಓದಿ ಮುಗಿಸಿದಾಗ ನಮ್ಮ ಕೈಯಲ್ಲಿ ಉಳಿಯುವುದು ಮೂರು ಕ್ರಿಯಾಪದ: ಕಟ್ಟಿಸಿದ, ಗೆದ್ದ, ಬಲಪಡಿಸಿದ. ರೈಸ್ ಅವರನ್ನು ದೂರುವುದು ಸರಿಯಲ್ಲ. ಅವರು ಇಷ್ಟನ್ನಾದರೂ ದಾಖಲಿಸದಿದ್ದರೆ ಇದೂ ಇರುತ್ತಿರಲಿಲ್ಲ. ಆದರೆ ಅವರ ನಂತರ ಬಂದ ಊರ ಚರಿತ್ರೆಗಳು, ಸ್ಮರಣ ಸಂಚಿಕೆಗಳು, ಪ್ರವಾಸಿ ಕೈಪಿಡಿಗಳು ಇದೇ ಮೂರು ಕ್ರಿಯಾಪದಗಳನ್ನು ಹಿಂದುಮುಂದು ಮಾಡಿ ಬರೆಯುತ್ತ ಬಂದಿವೆಯಲ್ಲ, ಅದಕ್ಕೆ ಏನು ಹೇಳೋಣ? ಗೆಜೆಟಿಯರಿನ ಒಂದು ಪದದೊಳಗೆ ಎಷ್ಟು ಜೀವ ಅಡಗಿದೆ ನೋಡಿ. ಅಡ್ಡತಿರುವಿನ ಬಾಗಿಲು ಎಂದರೆ ಹೊರಬಾಗಿಲು ದಾಟಿದವನು ನೇರ ಊರೊಳಗೆ ನುಗ್ಗಲಾರ. ಗೋಡೆಗೆ ಮುಖ ಕೊಟ್ಟು, ಪಕ್ಕಕ್ಕೆ ತಿರುಗಿ, ಇನ್ನೊಂದು ಬಾಗಿಲು ಹುಡುಕಬೇಕು. ಆನೆಗೆ ಓಡಿ ಬಂದು ಗುದ್ದಲು ಜಾಗವಿಲ್ಲ, ಫಿರಂಗಿಗೆ ನೇರ ಗುರಿ ಇಲ್ಲ. ಶಾಂತಿಯ ದಿನಗಳಲ್ಲಿ ಇದೇ ತಿರುವಿನಲ್ಲಿ ಸಂತೆಯ ಗಾಡಿ ಸಿಕ್ಕಿಕೊಂಡಿರಬೇಕು, ಕಾವಲಿನವನಿಗೂ ಗಾಡಿಯವನಿಗೂ ಜಗಳವಾಗಿರಬೇಕು. ನೀರಿನ ಕಂದಕ ಎಂದರೆ ಅದನ್ನು ತೋಡಿದವರು ಇದ್ದರು, ವರ್ಷವರ್ಷ ಹೂಳೆತ್ತಿದವರು ಇದ್ದರು. ಅವರು ಯಾವ ಊರಿನ ಒಡ್ಡರು? ಕೂಲಿ ಕಾಸಿನಲ್ಲೋ ರಾಗಿಯಲ್ಲೋ?

ಚನ್ನರಾಯಪಟ್ಟಣದಿಂದ ಹಾಸನದ ಮೇಲೆ ಮಂಗಳೂರಿಗೆ ಹೋಗುವ ಹೆದ್ದಾರಿಯಲ್ಲೇ ಮುಂದುವರಿದರೆ, ಸಕಲೇಶಪುರ ದಾಟಿ ಐದಾರು ಕಿಲೋಮೀಟರಿಗೆ ಮಂಜರಾಬಾದ್ ಕೋಟೆ ಸಿಗುತ್ತದೆ. ಇನ್ನೂರೈವತ್ತರಷ್ಟು ಮೆಟ್ಟಿಲು. ಮೇಲೆ ಎಂಟು ಮೂಲೆಯ ನಕ್ಷತ್ರ. 1792ರ ಹೊತ್ತಿಗೆ ಟಿಪ್ಪು ಸುಲ್ತಾನ್ ಕಟ್ಟಿಸಿ ಮುಗಿಸಿದ್ದು. ಬಾಗಿಲಿನ ಮೇಲ್ಚಾವಣಿಯಲ್ಲಿ ಕೋಟೆಯ ನಕ್ಷೆಯನ್ನೇ ಬಿಡಿಸಿದ್ದಾರೆ. ಒಳಗೆ ನಡುವೆ ಮೆಟ್ಟಿಲಿಳಿದು ಹೋಗುವ, ಶಿಲುಬೆಯಾಕಾರದ ಕೊಳ. ಅದರ ಹತ್ತಿರ ನೆಲದೊಳಗೆ ಮದ್ದಿನ ಕೋಣೆಗಳು, ಬೇಸಗೆಯಲ್ಲೂ ತಣ್ಣಗಿರುತ್ತವೆ.

ಈ ನಕ್ಷತ್ರದ ಆಕಾರ ಅಲಂಕಾರಕ್ಕೆ ಬಂದದ್ದಲ್ಲ. ಫ್ರೆಂಚ್ ಎಂಜಿನಿಯರ್ ವೊಬಾನನ ಹೆಸರಿನೊಂದಿಗೆ ಯುರೋಪಿನಲ್ಲಿ ಪ್ರಸಿದ್ಧವಾದ ಈ ವಿಧಾನ ಫಿರಂಗಿಯ ಕಾಲದ್ದು. ದುಂಡು ಬುರುಜಿನ ಬುಡದಲ್ಲಿ, ಮೇಲಿನಿಂದಾಗಲಿ ಪಕ್ಕದಿಂದಾಗಲಿ ಗುಂಡು ತಲುಪದ ಒಂದು ಮರೆ ಉಳಿದುಬಿಡುತ್ತದೆ. ಶತ್ರು ಅಲ್ಲಿಗೆ ಬಂದು ಸೇರಿದರೆ ಬುಡ ತೋಡಿ ಸಿಡಿಮದ್ದು ಇಡುತ್ತಾನೆ. ಗೋಡೆಯನ್ನು ನಕ್ಷತ್ರದಂತೆ ಚೂಪುಚೂಪಾಗಿ ಮಡಿಸಿದರೆ ಆ ಮರೆ ಇರುವುದಿಲ್ಲ. ಒಂದು ಮೂಲೆಯ ಬುಡ ಇನ್ನೊಂದು ಮೂಲೆಯಿಂದ ಕಾಣುತ್ತದೆ. ಅಂದರೆ ಇಲ್ಲಿ ಕಾವಲಿನವನು ತನ್ನ ಕಾಲಡಿಯನ್ನು ತಾನು ಕಾಯುವುದಿಲ್ಲ, ಪಕ್ಕದವನ ಕಾಲಡಿಯನ್ನು ಕಾಯುತ್ತಾನೆ. ಪಕ್ಕದವನು ನಿದ್ದೆ ಹೋದರೆ ಇವನ ಜೀವ ಹೋಯಿತು. ಕೋಟೆಯ ಗೋಡೆ ನೋಡಿದರೇ ಅದರೊಳಗಿದ್ದವರ ನಡುವಿನ ನಂಬಿಕೆ ಎಂಥದಿರಬೇಕಿತ್ತೆಂದು ಊಹಿಸಬಹುದು.

ಇದು ಯಾವ ಗಡಿ ಎಂಬುದನ್ನೂ ಕೇಳಬೇಕು. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಸುಲ್ತಾನನ ರಾಜ್ಯದ ಅರ್ಧ ಹೋಯಿತು. ಮಲಬಾರು, ಕೊಡಗು ಕೈಬಿಟ್ಟವು; ಮಂಗಳೂರು ಉಳಿಯಿತು. ಸಮುದ್ರಕ್ಕೆ ಉಳಿದ ದಾರಿಗಳಲ್ಲಿ ಈ ಘಟ್ಟದ ದಾರಿ ಮುಖ್ಯವಾಯಿತು. ದಾರಿಯ ಕೆಳತುದಿಯಲ್ಲಿ, ಮಂಗಳೂರಿನ ಬೋಳೂರಿನ ಹೊಳೆದಂಡೆಯಲ್ಲಿ, ಹಡಗು ಕಾಯಲು 1784ರಲ್ಲಿ ಕಟ್ಟಿಸಿದ ಸುಲ್ತಾನ್ ಬತ್ತೇರಿ ಎಂಬ ಕಾವಲು ಬುರುಜು. ಮೇಲ್ತುದಿಯಲ್ಲಿ ಈ ಕೋಟೆ. ಆದರೆ ಮಂಜರಾಬಾದ್ ನಿಂತ ನೆಲ ಬಲಂ ನಾಯಕರದು. ಕೃಷ್ಣಪ್ಪ ನಾಯಕ 1792ರ ಯುದ್ಧದಲ್ಲಿ ಮರಾಠರ ಕಡೆ ಸೇರಿದವನು. ಸುಲ್ತಾನ ಅವನನ್ನು ಮರಳಿ ಕರೆಸಿ ಐಗೂರು ಸೀಮೆ ಕೊಟ್ಟ. ಅವನ ಮಗ ವೆಂಕಟಾದ್ರಿ ನಾಯಕ ಸುಲ್ತಾನನ ಪತನದ ನಂತರವೂ ಕಂಪನಿಗೆ ತಲೆಬಾಗದೆ ನಿಂತ. 1802ರಲ್ಲಿ ಆರ್ಥರ್ ವೆಲ್ಲೆಸ್ಲಿ ಅರೆಕೆರೆಯ ಕಾಡಿಗೆ ನುಗ್ಗಿ ಅವನ ಬಲ ಮುರಿದ; ನಾಯಕನನ್ನು ಗಲ್ಲಿಗೇರಿಸಲಾಯಿತು. ಆದ್ದರಿಂದ ಈ ಕೋಟೆಯ ಕಾವಲಿನವನು ಎರಡು ಕಡೆ ಕಣ್ಣಿಡಬೇಕಿತ್ತು: ಹೊರಗಿನ ಶತ್ರುವಿನ ಕಡೆ, ಸುತ್ತಲಿನ ಹಳ್ಳಿಗಳ ಕಡೆ. ಗಡಿ ಎಂಬುದು ರಾಜ್ಯದ ಅಂಚಿನಲ್ಲಷ್ಟೇ ಅಲ್ಲ, ಒಳಗೂ ಹಾದುಹೋಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಹತ್ತಿರದಲ್ಲಿ ಇಲ್ಲ.

ಹೆಸರಿನಲ್ಲೂ ಎರಡು ನೋಟ ಇದೆ. ಕೋಟೆ ನೋಡಲು ಸುಲ್ತಾನ ಬಂದಾಗ ಎಲ್ಲೆಲ್ಲೂ ಮಂಜು ಕವಿದಿತ್ತು, ಅದಕ್ಕೇ ಮಂಜರಾಬಾದ್ ಎಂದ ಎಂಬುದು ಊರವರ ಕಥೆ. ಉರ್ದು ಕಲಿತ ಕಿವಿಗೆ ಅದೇ ಶಬ್ದ 'ಮಂಝರ್' ಎಂದು ಕೇಳಿಸುತ್ತದೆ. ಮಂಝರ್ ಎಂದರೆ ದೃಶ್ಯ, ಕಣ್ಣಿಗೆ ಬೀಳುವ ನೋಟ. ಒಂದು ಓದಿನಲ್ಲಿ ಏನೂ ಕಾಣದ ಜಾಗ, ಇನ್ನೊಂದು ಓದಿನಲ್ಲಿ ಎಲ್ಲವೂ ಕಾಣುವ ಜಾಗ. ಮಳೆಗಾಲದಲ್ಲಿ ಒಮ್ಮೆ, ಡಿಸೆಂಬರಿನಲ್ಲಿ ಒಮ್ಮೆ ಹತ್ತಿ ನೋಡಿದರೆ ಎರಡೂ ನಿಜವೆನ್ನಿಸುತ್ತದೆ. ಬುರುಜಿನ ಮೇಲೆ ನಿಂತ ಪೇದೆಗೆ ಇದು ವ್ಯುತ್ಪತ್ತಿಯ ಚರ್ಚೆ ಆಗಿರಲಿಲ್ಲ. ಮಂಜು ಕವಿದ ದಿನ ಅವನ ಕೆಲಸವೇ ಕೆಟ್ಟಂತೆ. ಕಣ್ಣು ಸೋತಾಗ ಕಿವಿಯಿಂದ ಕಾಯಬೇಕು.

ಆದರೆ ನಾವು ಹೋದ ದಿನ ಕೋಟೆಯೊಳಗೆ ಕೇಳಿದ್ದು ಬೇರೆ ಮಾತು. ಇಬ್ಬರು ಪ್ರವಾಸಿಗಳ ನಡುವೆ ವಾದ ಎದ್ದಿತ್ತು. ಒಬ್ಬರಿಗೆ ಟಿಪ್ಪು ಹುಲಿ, ಇನ್ನೊಬ್ಬರಿಗೆ ಕ್ರೂರಿ. 2015ರಲ್ಲಿ ಸರಕಾರ ಟಿಪ್ಪು ಜಯಂತಿ ಶುರುಮಾಡಿದಾಗಿನಿಂದ 2019ರಲ್ಲಿ ಅದನ್ನು ರದ್ದುಮಾಡುವವರೆಗೆ ಈ ವಾದ ಊರೂರಲ್ಲಿ ನಡೆದದ್ದೇ. ಇಬ್ಬರೂ ಕೊಳದ ಮೆಟ್ಟಿಲ ಮೇಲೆ ನಿಂತೇ ವಾದಿಸುತ್ತಿದ್ದರು; ಕೊಳದ ಕಡೆ ಇಬ್ಬರೂ ನೋಡಲಿಲ್ಲ. ಹೊಗಳುವವರಿಗೂ ತೆಗಳುವವರಿಗೂ ಕೋಟೆ ಬೇಕಾಗಿರುವುದು ಒಂದು ನಾಮಫಲಕವಾಗಿ ಮಾತ್ರ.

ನಮ್ಮ ತಪ್ಪನ್ನೂ ಇಲ್ಲೇ ಹೇಳಿಬಿಡುತ್ತೇವೆ. ಇಪ್ಪತ್ತು ವರ್ಷದ ಹಿಂದೆ ಈ ಕೋಟೆಯ ಮೇಲೆ ಒಂದು ಕಥೆ ಬರೆದಿದ್ದೆವು. ಮಂಜು, ಬಿಳಿ ಕುದುರೆ, ಕುದುರೆಯ ಮೇಲೆ ಒಂಟಿಯಾಗಿ ಸುಲ್ತಾನ. ಹಾಸನದಲ್ಲಿ ಜಟಕಾ ಓಡಿಸುತ್ತಿದ್ದ ನಮ್ಮ ಅಬ್ಬಾಗೆ ಕನ್ನಡ ಓದಲು ಬರುತ್ತಿರಲಿಲ್ಲ; ಓದಿ ಹೇಳಿದೆವು. ಕೊನೆಯವರೆಗೆ ಕೇಳಿ, ಬೀಡಿ ಆರಿಸಿ, "ವೋ ಘೋಡೇಕು ಘಾಸ್ ಕೋನ್ ಡಾಲ್ತಾ ಬಾವಾ?" ಎಂದರು. ಆ ಕುದುರೆಗೆ ಹುಲ್ಲು ಹಾಕುವವನು ಯಾರು? ಕಥೆಯಲ್ಲಿ ಅವನು ಇರಲಿಲ್ಲ. ನಮಗೆ ಸಿಟ್ಟು ಬಂದಿತ್ತು. ಈಗ ಅನ್ನಿಸುತ್ತದೆ, ಆ ಕಥೆಗೆ ಬಂದ ವಿಮರ್ಶೆಗಳಲ್ಲಿ ಅದೊಂದೇ ಸರಿಯಾದದ್ದು.

ಅಬ್ಬಾ ಕೇಳಿದ ಪ್ರಶ್ನೆಯನ್ನು ಒಂದು ಸಣ್ಣ ಕೋಟೆಗೆ ಕೇಳಿದರೆ ಉತ್ತರ ಸಿಗುತ್ತದೆಯೇ? ಸಿಗುತ್ತದೆ. ಅದಕ್ಕೆ ಬುರುಜು ಎಂಬ ಮಾತಿನ ದಾರಿಯನ್ನೇ ಹಿಡಿದು ಸ್ವಲ್ಪ ದೂರ ಹೋಗಬೇಕು. ಕನ್ನಡದ ಬುರುಜು ನಮಗೆ ಬಂದದ್ದು ಅರಬ್ಬಿಯ 'ಬುರ್ಜ್'ನಿಂದ. ಕುರ್‌ಆನಿನ 85ನೆಯ ಅಧ್ಯಾಯದ ಹೆಸರು 'ಅಲ್ ಬುರೂಜ್'. ಅರಬ್ಬಿಗೆ ಅದು ಗ್ರೀಕಿನಿಂದ ಬಂತೆಂದು ಭಾಷಾವಿದ್ವಾಂಸರಲ್ಲಿ ಹಲವರ ಅಭಿಪ್ರಾಯ. ರೋಮನ್ನರು ತಮ್ಮ ಗಡಿಯ ಸಣ್ಣ ಕಾವಲು ಗೋಪುರಕ್ಕೆ 'ಬುರ್ಗುಸ್' ಎನ್ನುತ್ತಿದ್ದರು. ಹಾಗಾಗಿ ರೋಮನ್ ಗಡಿಯ ಕಾವಲಿನವನೂ ಮಂಜರಾಬಾದಿನ ಪೇದೆಯೂ ನಿಂತ ಜಾಗಕ್ಕೆ ಹೆಚ್ಚುಕಡಿಮೆ ಒಂದೇ ಹೆಸರು.

ಜರ್ಮನಿಯಲ್ಲಿ ರೋಮನ್ ಸಾಮ್ರಾಜ್ಯದ ಗಡಿರೇಖೆ ಸುಮಾರು 550 ಕಿಲೋಮೀಟರು. ಅದರುದ್ದಕ್ಕೂ 900ರಷ್ಟು ಕಾವಲು ಗೋಪುರ, 120ರಷ್ಟು ಕೋಟೆ. 1892ರಲ್ಲಿ ಅದನ್ನು ಶೋಧಿಸಲೆಂದೇ ಒಂದು ಆಯೋಗ ನೇಮಕವಾಯಿತು. ಅಲ್ಲೂ ಮೊದಮೊದಲು ನಾಮಫಲಕದ ಹುಚ್ಚೇ. ಸಾಲ್‌ಬುರ್ಗ್ ಎಂಬ ಕೋಟೆಯನ್ನು ಕೈಸರ್ ಎರಡನೆಯ ವಿಲ್‌ಹೆಲ್ಮ್ 1897ರಿಂದ 1907ರವರೆಗೆ ಹೊಸದಾಗಿ ಕಟ್ಟಿಸಿ ತನ್ನ ಸಾಮ್ರಾಜ್ಯದ ಗತ್ತನ್ನು ಮೆರೆಸಿದ. ಆದರೆ ಅಗೆಯುವವರು ಅಲ್ಲಿಗೇ ನಿಲ್ಲಲಿಲ್ಲ. ಒಂದೊಂದು ಗೋಪುರಕ್ಕೂ ಸಂಖ್ಯೆ ಕೊಟ್ಟು, ಕಂಬದ ಗುಳಿ, ಒಲೆಯ ಬೂದಿ, ಕಸದ ಗುಂಡಿಯನ್ನೂ ಬಿಡದೆ ನೋಡಿದರು.

ಇಂಗ್ಲೆಂಡಿನ ಉತ್ತರದಲ್ಲಿ ಹೇಡ್ರಿಯನ್ ಚಕ್ರವರ್ತಿಯ ಗೋಡೆಯ ಬಳಿ ವಿಂಡೋಲಾಂಡಾ ಎಂಬ ಸಣ್ಣ ಕೋಟೆ ಇದೆ. 1973ರಲ್ಲಿ ಅಲ್ಲಿನ ಕೆಸರಿನೊಳಗೆ ಕಾಗದದಷ್ಟು ತೆಳುವಾದ ಮರದ ಹಲಗೆಗಳು ಸಿಕ್ಕವು. ಗಾಳಿಯಾಡದ ಒದ್ದೆ ಮಣ್ಣು ಅವನ್ನು ಹತ್ತೊಂಬತ್ತು ಶತಮಾನ ಕಾಪಾಡಿತ್ತು. ಅವುಗಳ ಮೇಲೆ ಮಸಿಯ ಬರಹ. ಒಂದರಲ್ಲಿ ಪಡೆಯ ಹಾಜರಿ: ಒಟ್ಟು 752 ಜನ, ಬೇರೆಡೆ ಹೋದವರು 456, ಕೋಟೆಯಲ್ಲಿರುವವರು 296, ಅವರಲ್ಲಿ ಕೆಲಸಕ್ಕಾಗದವರು 31. ಆ 31 ಜನರಲ್ಲಿ ಕಾಯಿಲೆಯವರು 15, ಗಾಯಗೊಂಡವರು 6, ಕಣ್ಣುಬೇನೆಯವರು 10. ಕಾವಲಿಗೆಂದೇ ಇಟ್ಟವರಲ್ಲಿ ಹತ್ತು ಜನಕ್ಕೆ ಕಣ್ಣುಬೇನೆ! ಇನ್ನೊಂದರಲ್ಲಿ ಯಾರಿಗೋ ಕಾಲುಚೀಲ, ಒಳಚಡ್ಡಿ ಕಳಿಸಿದ ಲೆಕ್ಕ. ಮತ್ತೊಂದರಲ್ಲಿ ಕ್ಲಾಡಿಯಾ ಸೆವೆರಾ ಎಂಬ ಹೆಂಗಸು ಗೆಳತಿಯನ್ನು ತನ್ನ ಹುಟ್ಟುಹಬ್ಬಕ್ಕೆ ಕರೆದಿದ್ದಾಳೆ. ಅಲ್ಲಿ ದೊರೆತ ಸಾವಿರಾರು ಚರ್ಮದ ಮೆಟ್ಟುಗಳಲ್ಲಿ ಹೆಂಗಸರವೂ ಮಕ್ಕಳವೂ ಇವೆ. ಕೋಟೆ ಎಂದರೆ ಗಂಡಸರ, ಆಯುಧಗಳ ಜಾಗ ಎಂಬ ನಂಬಿಕೆ ಆ ಮೆಟ್ಟುಗಳ ಮುಂದೆ ನಿಲ್ಲಲಿಲ್ಲ.

ಅದೇ ಗಡಿಯ ಪೂರ್ವದ ತುದಿಯಲ್ಲಿ ಒಂದು ಗೋರಿಕಲ್ಲು ಇದೆ. ಸಿರಿಯಾದ ಪಾಲ್ಮೈರಾದಿಂದ ಬಂದ ಬರಾತೆಸ್ ಎಂಬವನು ತನ್ನ ಹೆಂಡತಿ ರೆಜೀನಾಳಿಗೆ ನಿಲ್ಲಿಸಿದ್ದು. ಅವಳು ಆ ದ್ವೀಪದವಳೇ, ದಾಸ್ಯದಿಂದ ಬಿಡುಗಡೆ ಹೊಂದಿದವಳು, ಮೂವತ್ತಕ್ಕೆ ತೀರಿಕೊಂಡವಳು. ಮೇಲೆ ಸರಕಾರದ ಭಾಷೆಯಾದ ಲ್ಯಾಟಿನಿನಲ್ಲಿ ಬರಹ. ಕೆಳಗೆ ಒಂದು ಸಾಲು ಬರಾತೆಸನ ತಾಯ್ನುಡಿಯಲ್ಲಿ, ಅವನ ಊರಿನ ಲಿಪಿಯಲ್ಲಿ. ಅದನ್ನು ಓದಬಲ್ಲವರು ಆ ಊರಿನಲ್ಲಿ ಎಷ್ಟು ಜನ ಇದ್ದಾರು? ಶಾಲೆಯಲ್ಲಿ ಒಂದು ಲಿಪಿ, ಮನೆಯಲ್ಲಿ ಒಂದು ಲಿಪಿ ಕಲಿತ ನಮ್ಮಂಥವರಿಗೆ ಆ ಒಂದು ಸಾಲು ಹೇಗೆ ನಾಟುತ್ತದೆಂದು ಬೇರೆ ಹೇಳಬೇಕಿಲ್ಲ.

ನಮ್ಮಲ್ಲಿ ಮರದ ಹಲಗೆಯ ಕಾಗದ ಸಿಗಲಾರದು, ನಿಜ. ಆದರೆ ಮಣ್ಣು ನಮ್ಮಲ್ಲೂ ಸುಮ್ಮನೆ ಕೂತಿಲ್ಲ. ಶಿವಮೊಗ್ಗ ಜಿಲ್ಲೆ ಹೊಸನಗರ ತಾಲೂಕಿನ ನಗರದಲ್ಲಿ, ಅಂದರೆ ಹಿಂದಿನ ಬಿದನೂರಿನಲ್ಲಿ, 2018ರ ಜುಲೈನಲ್ಲಿ ಒಂದು ಹಾಳು ಬಾವಿಯ ಮಣ್ಣಿಗೆ ಮದ್ದಿನ ವಾಸನೆ ಬಂತು. ರಾಜ್ಯ ಪುರಾತತ್ವ ಇಲಾಖೆಯವರು ಅಗೆದಾಗ ಟಿಪ್ಪು ಕಾಲದ ತುಕ್ಕು ಹಿಡಿದ ಕಬ್ಬಿಣದ ರಾಕೆಟ್‌ಗಳು ಸಾವಿರಕ್ಕೂ ಹೆಚ್ಚು ಸಿಕ್ಕವು. ಕಾಸರಗೋಡಿನ ಬೇಕಲ ಕೋಟೆಯಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣೆ ಉತ್ಖನನ ನಡೆಸಿ, ಹುಲ್ಲಿನಡಿ ಮುಚ್ಚಿಹೋಗಿದ್ದ ಕಟ್ಟಡಗಳ ತಳಪಾಯ ಹೊರತೆಗೆದಿದೆ. ಪಂಡಿತರು ಬೇಕು, ಹಣ ಬೇಕು. ಅದಕ್ಕಿಂತ ಮೊದಲು ಮಣ್ಣಿನ ವಾಸನೆ ನೋಡುವ ಮನಸ್ಸು ಬೇಕು.

ಮಂಜರಾಬಾದಿನ ಕೊಳದ ಹೂಳಿನಲ್ಲಿ ಏನಿದೆ? ಒಡೆದ ಗಡಿಗೆ, ಹುಕ್ಕಾದ ಚಿಲುಮೆ, ಗಾಜಿನ ಬಳೆಯ ಚೂರು, ಸುಟ್ಟ ಭತ್ತವೋ ರಾಗಿಯೋ? ಬಳೆ ಸಿಕ್ಕರೆ ಅಲ್ಲಿ ಹೆಂಗಸರಿದ್ದರು. ರಾಗಿ ಸಿಕ್ಕರೆ ಬಯಲುಸೀಮೆಯ ಆಳುಗಳು ತಮ್ಮ ಊಟವನ್ನು ಮಲೆನಾಡಿಗೂ ಹೊತ್ತು ತಂದಿದ್ದರು. ಮೈಸೂರಿನ ಕಂದಾಚಾರದ ಪೇದೆಗಳು ಎಲ್ಲ ಜಾತಿಯವರು. ಅವರ ಒಲೆಗಳು ಒಂದೇ ಕಡೆ ಇದ್ದವೇ, ಬೇರೆ ಬೇರೆಯೇ? ನಾಲ್ಕು ತಿಂಗಳು ಬಿಡದೆ ಸುರಿಯುವ ಮಳೆಯಲ್ಲಿ ಮದ್ದನ್ನು ಹೇಗೆ ಒಣಗಿಸಿಡುತ್ತಿದ್ದರು, ಬಟ್ಟೆಯನ್ನು ಹೇಗೆ? ಈ ಪ್ರಶ್ನೆಗಳಿಗೆ ಉತ್ತರ ಹೊಗಳುಭಟರ ಬಳಿಯೂ ಇಲ್ಲ, ನಿಂದಕರ ಬಳಿಯೂ ಇಲ್ಲ. ಇದ್ದರೆ ಹೂಳಿನಲ್ಲಿದೆ.

ಇದಕ್ಕೆ ಹೆಚ್ಚು ಸಮಯವೂ ಇಲ್ಲ. ನಮ್ಮ ನಾಡಿನ ಹಾಳು ಕೋಟೆಗಳಿಗೆ ಮೂರು ಶತ್ರುಗಳು. ಅಮಾವಾಸ್ಯೆಯ ರಾತ್ರಿ ನಿಂಬೆಹಣ್ಣು, ಕುಂಕುಮ ಇಟ್ಟು ನಿಧಿಗಾಗಿ ಅಗೆಯುವವರು. ಮನೆಯ ಪಾಯಕ್ಕೆಂದು ಕಲ್ಲು ಸಾಗಿಸುವವರು. ದುರಸ್ತಿಯ ಹೆಸರಿನಲ್ಲಿ ಗಾರೆಯ ಮೇಲೆ ಸಿಮೆಂಟು ಬಳಿಯುವವರು. ಪುರಾತತ್ವಕ್ಕೆ ಬೇಕಾದದ್ದು ವಸ್ತುವಲ್ಲ, ವಸ್ತು ಯಾವ ಪದರದಲ್ಲಿ, ಯಾವುದರ ಪಕ್ಕ ಬಿದ್ದಿತ್ತು ಎಂಬ ಸಂಬಂಧ. ನಿಧಿಗಳ್ಳನ ಒಂದು ಗುಂಡಿ ಆ ಸಂಬಂಧವನ್ನು ಒಂದೇ ರಾತ್ರಿಯಲ್ಲಿ ಕಲಸಿಹಾಕುತ್ತದೆ. ಅವನಿಗೆ ಚಿನ್ನ ಸಿಗುವುದಿಲ್ಲ, ನಮಗೆ ಚಿಲುಮೆಯೂ ಸಿಗುವುದಿಲ್ಲ.

ಸುಲ್ತಾನನ ಬಗ್ಗೆ ವಾದವೇ ಬೇಡ ಎಂದು ನಾವು ಹೇಳುತ್ತಿಲ್ಲ. ರಾಜರ ಲೆಕ್ಕವನ್ನೂ ಚುಕ್ತಾ ಮಾಡಬೇಕು. ಬಲಂ ನಾಯಕರ ನೆಲದಲ್ಲಿ ನಿಂತು ಮಾತಾಡುವಾಗ ಅವರ ಪಾಲಿನ ಕಥೆಯನ್ನೂ ಕೇಳಬೇಕು. ಆದರೆ ಕೋಟೆ ಯಾರದ್ದು ಎಂಬ ಪ್ರಶ್ನೆಗೆ ಕಟ್ಟಿಸಿದವನ ಹೆಸರನ್ನಷ್ಟೇ ಉತ್ತರವಾಗಿ ಕೊಟ್ಟರೆ, ಅದು ಒಂದು ಸಮುದಾಯಕ್ಕೆ ಹೆಮ್ಮೆಯೋ ಹೊರೆಯೋ ಆಗಿಬಿಡುತ್ತದೆ. ಅಲ್ಲಿ ಕಲ್ಲು ಹೊತ್ತವರು, ಹೂಳೆತ್ತಿದವರು, ಮಂಜಿನಲ್ಲಿ ಕಿವಿಗೊಟ್ಟು ನಿಂತವರು, ಹುಲ್ಲು ಹಾಕಿದವರು ಇಂದಿನ ಎಲ್ಲರ ಮನೆಯ ಹಿರಿಯರು.

ಗೊಮ್ಮಟನನ್ನು ನೋಡಲು ಹೋಗುವ ಓದುಗರು ವಾಪಸು ಬರುವಾಗ ಚನ್ನರಾಯಪಟ್ಟಣದಲ್ಲಿ ಒಂದು ಗಂಟೆ ಇಳಿದುಕೊಳ್ಳಲಿ. ಬಸ್ ನಿಲ್ದಾಣದಲ್ಲಿ ಚಹಾ ಕುಡಿದು, ಕೋಟೆ ಯಾವ ಕಡೆ ಎಂದು ಕೇಳಲಿ. ಯಾರು ಕಟ್ಟಿಸಿದರು ಎಂದು ಕೇಳುವುದು ಬೇಡ, ಅದು ಪುಸ್ತಕದಲ್ಲಿದೆ. ಕಂದಕದ ನೀರು ಎಲ್ಲಿಂದ ಬರುತ್ತಿತ್ತು, ಹೂಳು ಯಾರು ಎತ್ತುತ್ತಿದ್ದರು ಎಂದು ಅಲ್ಲಿನ ಹಿರಿಯರನ್ನು ಕೇಳಿ, ಹೇಳಿದ್ದನ್ನು ಬರೆದಿಟ್ಟುಕೊಳ್ಳಲಿ. ಬೆಳಗೊಳದ 144 ಶಾಸನ 573 ಆದದ್ದು ಹೀಗೆ ಮತ್ತೆ ಮತ್ತೆ ಹೋಗಿ ಬಗ್ಗಿ ನೋಡಿದವರಿಂದಲೇ.